ಸಾಮಿಲ್ಲಿನ ಹೊಟ್ಟಿಗೆ ಕೊಟ್ಟಿಗೆಯ ದಾರಿ



ಕಾಡಿನಲ್ಲಿ ಬಿದ್ದ ಮರ ಯಾರ ಹಂಗೂ ಇಲ್ಲದೆ ಮಣ್ಣಾಗುತ್ತದೆ. ಅದೇ ಮರವನ್ನು ಸಾಮಿಲ್ಲಿಗೆ ತಂದು ಕೊಯ್ದಾಗ ಉದುರಿದ ಹೊಟ್ಟು ಮಾತ್ರ ಮಿಲ್ಲಿನ ಹಿತ್ತಲಲ್ಲಿ ವರ್ಷಗಟ್ಟಲೆ ಗುಡ್ಡೆಯಾಗಿಯೇ ಬಿದ್ದಿರುತ್ತದೆ. ಮಳೆ ಬಿಸಿಲಿಗೆ ಮೇಲಿನ ಪದರವೊಂದು ಕಪ್ಪಾಗಿರುತ್ತದೆ, ಅಷ್ಟೇ. ಗುದ್ದಲಿ ಹಾಕಿ ಕೆದರಿ ನೋಡಿ, ಒಳಗೆ ನಿನ್ನೆ ಮೊನ್ನೆ ಕೊಯ್ದ ಹಾಗೆ ಹಳದಿ ಬಣ್ಣ. ಇಡೀ ದಿಮ್ಮಿಯನ್ನೇ ತಿಂದು ಮುಗಿಸುವ ಸೂಕ್ಷ್ಮಜೀವಿಗಳಿಗೆ ನಾವೇ ಪುಡಿ ಮಾಡಿ ಮುಂದಿಟ್ಟದ್ದು ಯಾಕೆ ಬೇಡವಾಯಿತು? ಇವತ್ತಿನ ನನ್ನ ಮಾತೆಲ್ಲ ಈ ಪ್ರಶ್ನೆಯ ಸುತ್ತಲೇ.

ಭದ್ರಾವತಿ, ಶಿವಮೊಗ್ಗದ ಕಡೆಯಿಂದ ಕೇಳುತ್ತಿರುವವರಿಗೆ ಮರದ ವಿಚಾರ ಹೊಸದಲ್ಲ. 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಕುಲುಮೆ ಹೊತ್ತಿಸಿದ್ದು ಕಲ್ಲಿದ್ದಲಿನಿಂದಲ್ಲ, ಮಲೆನಾಡಿನ ಮರ ಸುಟ್ಟ ಇದ್ದಿಲಿನಿಂದ. ಮರವನ್ನು ಇದ್ದಿಲು ಮಾಡುವಾಗ ಬರುವ ಹೊಗೆಯನ್ನೂ ಬಿಡದೆ ಬಟ್ಟಿ ಇಳಿಸಿಕೊಳ್ಳುವ ಘಟಕ ಅಲ್ಲಿತ್ತು. 1936ರಲ್ಲಿ ಅದೇ ಊರಿನಲ್ಲಿ ಮೈಸೂರು ಕಾಗದದ ಕಾರ್ಖಾನೆ ಸ್ಥಾಪನೆಯಾಯಿತು. ಹೊಟ್ಟಿಗೂ ಆಗ ಬೆಲೆಯಿತ್ತು. ತಗಡಿನ ಡಬ್ಬಿಯ ನಡುವೆ ಒಂದು ಬಾಟಲಿ ನಿಲ್ಲಿಸಿ, ಸುತ್ತ ಹೊಟ್ಟು ತುಂಬಿ ಗಿಡಿದು, ಬಾಟಲಿ ಮೆಲ್ಲಗೆ ಎಳೆದರೆ ಹೊಟ್ಟಿನ ಒಲೆ ತಯಾರು. ಬೆಳಿಗ್ಗೆ ಹಚ್ಚಿದರೆ ಅನ್ನ, ಸಾರು, ಸ್ನಾನದ ನೀರು ಎಲ್ಲ ಅದರಲ್ಲೇ ಆಗುತ್ತಿತ್ತು. ಹೆಂಗಸರು ಸಾಮಿಲ್ಲಿನ ಬಾಗಿಲಲ್ಲಿ ಗೋಣಿಚೀಲ ಹಿಡಿದು ಸಾಲು ನಿಲ್ಲುತ್ತಿದ್ದ ಕಾಲ ಅದು. ಗ್ಯಾಸ್ ಸಿಲಿಂಡರ್ ಬಂದ ಮೇಲೆ ಆ ಸಾಲು ಕರಗಿತು. ಈಗ ಸ್ವಲ್ಪ ಹೊಟ್ಟು ಕೋಳಿ ಫಾರಂಗೆ ಹೋಗುತ್ತದೆ, ಸ್ವಲ್ಪ ಒತ್ತಿ ಉರುವಲು ಬಿಲ್ಲೆ ಮಾಡುವ ಕಾರ್ಖಾನೆಗೆ. ಮಿಕ್ಕದ್ದಕ್ಕೆ ಯಾರಾದರೂ ಬೆಂಕಿ ಇಡುತ್ತಾರೆ. ಅದು ವಾರಗಟ್ಟಲೆ ಹೊಗೆಯಾಡುತ್ತದೆ.

ಮತ್ತೆ ನಮ್ಮ ಪ್ರಶ್ನೆಗೆ ಬರೋಣ. ಹೊಟ್ಟು ಕೊಳೆಯದಿರಲು ಕಾರಣ ಸೂಕ್ಷ್ಮಜೀವಿಗಳ ಕೊರತೆ ಎಂದು ತುಂಬ ಜನ ತಿಳಿದಿದ್ದಾರೆ. ರೈತರ ಸಭೆಗಳಲ್ಲಿ ಮೊದಲು ಬರುವ ಪ್ರಶ್ನೆಯೇ, “ಇದಕ್ಕೆ ಯಾವ ಕಲ್ಚರ್ ಹಾಕ್ಬೇಕು ಸಾರ್?” ಸೂಕ್ಷ್ಮಜೀವಿಗಳಿಗೇನೂ ಬರವಿಲ್ಲ. ಗಾಳಿಯಲ್ಲಿ, ಮಣ್ಣಿನಲ್ಲಿ, ಮರದ ತೊಗಟೆಯಲ್ಲೇ ಅವು ಕೋಟಿಗಟ್ಟಲೆ ಇವೆ. ಕೊರತೆಯಿರುವುದು ಅವುಗಳ ಊಟದಲ್ಲಿ. ಒಣ ಮರದ ತೂಕದಲ್ಲಿ ಅರ್ಧದಷ್ಟು ಇಂಗಾಲ. ಸಾರಜನಕವೋ, ನೂರು ಕಿಲೋ ಹೊಟ್ಟಿನಲ್ಲಿ ನೂರರಿಂದ ಇನ್ನೂರು ಗ್ರಾಂ. ಅಂದರೆ ಒಂದು ಪಾಲು ಸಾರಜನಕಕ್ಕೆ 250ರಿಂದ 500 ಪಾಲು ಇಂಗಾಲ. ಸೂಕ್ಷ್ಮಜೀವಿಗೆ ಬೇಕಾದದ್ದು ಒಂದಕ್ಕೆ 25 ಅಥವಾ 30. ಅದು ತಿಂದ ಇಂಗಾಲದಲ್ಲಿ ಮೂರರಲ್ಲಿ ಎರಡು ಪಾಲನ್ನು ಉಸಿರಾಗಿ ಬಿಟ್ಟುಬಿಡುತ್ತದೆ, ಉಳಿದ ಒಂದು ಪಾಲಿನಿಂದ ಮೈ ಕಟ್ಟಿಕೊಳ್ಳುತ್ತದೆ. ಮೈ ಕಟ್ಟಲು ಎಂಟು ಹತ್ತು ಪಾಲು ಇಂಗಾಲಕ್ಕೆ ಒಂದು ಪಾಲು ಸಾರಜನಕ ಬೇಕೇ ಬೇಕು. ಅದು ಸಿಗದಿದ್ದರೆ ಮರಿ ಹಾಕುವುದು ನಿಲ್ಲುತ್ತದೆ, ಗುಡ್ಡೆ ತಣ್ಣಗೆ ಕೂರುತ್ತದೆ.

ಹಾಗಾದರೆ ಕಾಡಿನ ದಿಮ್ಮಿಗೆ ಸಾರಜನಕ ಕೊಟ್ಟವರು ಯಾರು? ನೆಲಕ್ಕೆ ತಾಗಿದ ದಿಮ್ಮಿಯನ್ನು ಮಗುಚಿ ನೋಡಿದರೆ ಅಡಿಯಲ್ಲಿ ಬಿಳಿ ಎಳೆಗಳ ಜಾಲ ಕಾಣುತ್ತದೆ. ಅದು ಶಿಲೀಂಧ್ರದ ಮೈ. ಆ ಎಳೆಗಳು ಒಂದು ತುದಿಯಲ್ಲಿ ಮರವನ್ನು ಹೊಕ್ಕಿರುತ್ತವೆ, ಇನ್ನೊಂದು ತುದಿಯಲ್ಲಿ ಮಣ್ಣನ್ನು. ಮಣ್ಣಿನ ಸಾರಜನಕವನ್ನು ಎಳೆಯೊಳಗಿಂದಲೇ ಮರಕ್ಕೆ ಸಾಗಿಸಿಕೊಂಡು ಬರುತ್ತವೆ. ಹುಳುಗಳು ಕೊರೆದು ಹಿಕ್ಕೆ ಹಾಕುತ್ತವೆ. ಗಾಳಿಯ ಸಾರಜನಕವನ್ನು ಹಿಡಿಯುವ ಬ್ಯಾಕ್ಟೀರಿಯಾಗಳೂ ಅಲ್ಲಿ ಸೇರಿಕೊಳ್ಳುತ್ತವೆ. ಇಷ್ಟಾದರೂ ದೊಡ್ಡ ಮರ ಮಣ್ಣಾಗಲು ವರ್ಷಗಳೇ ಬೇಕು. ನಾವು ಕಾದು ನೋಡುವುದಿಲ್ಲ, ಅದಕ್ಕೇ ಕಾಡು ಬೇಗ ಕೆಲಸ ಮಾಡುತ್ತದೆ ಅನ್ನಿಸುತ್ತದೆ. ಹೊಟ್ಟಿನ ಗುಡ್ಡೆಗೆ ನೆಲ ತಾಗುವುದು ಅಡಿಯಲ್ಲಿ ಮಾತ್ರ. ಮೇಲೆ ಬಿದ್ದ ನೀರು ಒಳಗಿಳಿಯುವುದಿಲ್ಲ, ಒಳಗೆ ಒತ್ತಾಗಿ ಕೂತ ಪುಡಿಯಲ್ಲಿ ಗಾಳಿಯಿಲ್ಲ, ಊಟವಂತೂ ಮೊದಲೇ ಇಲ್ಲ.

ಇನ್ನು ಮರದ ಗಟ್ಟಿತನದ ಮಾತು. ಮರದಲ್ಲಿ ನೂರಕ್ಕೆ ನಲವತ್ತರಿಂದ ಐವತ್ತು ಭಾಗ ಸೆಲ್ಯುಲೋಸ್, ಇಪ್ಪತ್ತರಿಂದ ಮೂವತ್ತು ಭಾಗ ಹೆಮಿಸೆಲ್ಯುಲೋಸ್. ಉಳಿದದ್ದರಲ್ಲಿ ಬಹುಪಾಲು ಲಿಗ್ನಿನ್. ಸೆಲ್ಯುಲೋಸ್ ಅಂದರೆ ಸಕ್ಕರೆಯ ಕೊಂಡಿಗಳ ನೇರ ಸರಪಳಿ. ಕೊಂಡಿಗಳೆಲ್ಲ ಒಂದೇ ಥರ, ಆದ್ದರಿಂದ ಅದನ್ನು ಕತ್ತರಿಸುವ ಕಿಣ್ವ ಒಂದು ಕಡೆ ಹೊಂದಿದರೆ ಎಲ್ಲ ಕಡೆಯೂ ಹೊಂದುತ್ತದೆ. ಲಿಗ್ನಿನ್ನಿಗೆ ಅಂಥ ಕ್ರಮವೇ ಇಲ್ಲ. ಅಡ್ಡಾದಿಡ್ಡಿ ಹೆಣೆದುಕೊಂಡ ಉಂಗುರಗಳ ಜಾಲ ಅದು. ಒಂದು ಕಡೆ ಹೊಂದಿದ ಕಿಣ್ವ ಪಕ್ಕದಲ್ಲೇ ಹೊಂದುವುದಿಲ್ಲ. ಸೆಲ್ಯುಲೋಸನ್ನು ಸುತ್ತುವರಿದು ಕಾಯುವುದೂ ಇದೇ. ಕಾಗದದ ಕಾರ್ಖಾನೆಗಳಲ್ಲಿ ಇದನ್ನು ಬೇರ್ಪಡಿಸಲು ಮರದ ಚಕ್ಕೆಗಳನ್ನು ಕಾಸ್ಟಿಕ್ ಸೋಡಾದ ದ್ರಾವಣದಲ್ಲಿ, ಮುಚ್ಚಿದ ಹಂಡೆಯೊಳಗೆ, 160–170 ಡಿಗ್ರಿ ಶಾಖದಲ್ಲಿ ಗಂಟೆಗಟ್ಟಲೆ ಬೇಯಿಸುತ್ತಾರೆ. ಕೊನೆಗೆ ಕಪ್ಪು ರಸವಾಗಿ ಹೊರಬರುವುದು ಆ ಲಿಗ್ನಿನ್.

ಇದೇ ಕೆಲಸವನ್ನು ಮಳೆಗಾಲದ ಒಂದು ಅಣಬೆ ನಮ್ಮ ಹಿತ್ತಲಿನ ತಂಪಿನಲ್ಲಿ ಮಾಡುತ್ತದೆ. ಮರವನ್ನು ಬಿಳಿಯಾಗಿ, ನಾರುನಾರಾಗಿ ಕೊಳೆಸುವ ಈ ಗುಂಪಿಗೆ ಬಿಳಿ ಕೊಳೆ ಶಿಲೀಂಧ್ರಗಳೆಂದು ಹೆಸರು. ನಾವು ಪಲ್ಯ ಮಾಡಿ ತಿನ್ನುವ ಚಿಪ್ಪಣಬೆ ಈ ಗುಂಪಿನದೇ. ಇವು ಲಿಗ್ನಿನ್ನನ್ನು ಒಡೆಯುವ ಬಗೆ ಹೇಗೆ ಎಂಬುದು ಬಹಳ ಕಾಲ ಗೊತ್ತಿರಲಿಲ್ಲ. 1983ರಲ್ಲಿ ಅಮೆರಿಕದ ಮ್ಯಾಡಿಸನ್ನಿನ ಅರಣ್ಯೋತ್ಪನ್ನ ಪ್ರಯೋಗಾಲಯದ ಮಿಂಗ್ ಟಿಯನ್ ಮತ್ತು ಕೆಂಟ್ ಕರ್ಕ್, ಹಾಗೆಯೇ ಒರೆಗಾನಿನ ಮೈಕೇಲ್ ಗೋಲ್ಡ್ ಅವರ ತಂಡ, ಪ್ರತ್ಯೇಕವಾಗಿ ಅದನ್ನು ಒಡೆಯುವ ಕಿಣ್ವವನ್ನು ಕಂಡುಹಿಡಿದರು. ಫ್ಯಾನೆರೋಕೀಟೆ ಎಂಬ ಶಿಲೀಂಧ್ರ ಅವರಿಗೆ ಗುಟ್ಟು ಬಿಟ್ಟುಕೊಟ್ಟದ್ದು. ಅದು ಸ್ವಲ್ಪ ಹೈಡ್ರೋಜನ್ ಪೆರಾಕ್ಸೈಡನ್ನು ತಾನೇ ತಯಾರಿಸಿ, ಕಿಣ್ವದ ನೆರವಿನಿಂದ ಲಿಗ್ನಿನ್ನಿನ ಉಂಗುರಗಳಿಂದ ಎಲೆಕ್ಟ್ರಾನು ಕಿತ್ತುಕೊಳ್ಳುತ್ತದೆ. ಆಮೇಲೆ ಜಾಲ ತನ್ನಷ್ಟಕ್ಕೇ ಎಲ್ಲೆಂದರಲ್ಲಿ ಸಿಡಿದು ಮುರಿಯುತ್ತದೆ. ಪ್ರತಿ ಬೀಗಕ್ಕೂ ಕೀಲಿಕೈ ಹುಡುಕುತ್ತ ಕೂರದೆ ಬಾಗಿಲಿಗೇ ಬೆಂಕಿ ಕೊಟ್ಟ ಹಾಗೆ. ಕಿಣ್ವಗಳ ದಹನ ಎಂದೇ ವಿಜ್ಞಾನಿಗಳು ಇದನ್ನು ಕರೆದದ್ದುಂಟು.

ಇದರಲ್ಲಿ ನನಗೆ ಬಹಳ ಕುತೂಹಲದ ಸಂಗತಿ ಇನ್ನೊಂದಿದೆ. ಫ್ಯಾನೆರೋಕೀಟೆ ಲಿಗ್ನಿನ್ನಿಗೆ ಕೈ ಹಾಕುವುದು ಸಾರಜನಕ ತೀರಿಹೋಗುವ ಹೊತ್ತಿಗೆ. ಹೊಟ್ಟೆ ತುಂಬ ಸಾರಜನಕ ಇರುವಾಗ ಅದು ಆ ಕಷ್ಟದ ಕೆಲಸಕ್ಕೆ ಹೋಗುವುದೇ ಇಲ್ಲ. ಲಿಗ್ನಿನ್ ಒಡೆದು ಅದು ಬದುಕುವುದೂ ಇಲ್ಲ. ಒಳಗಿನ ಸೆಲ್ಯುಲೋಸನ್ನು ತಲುಪಲು ದಾರಿ ಮಾಡಿಕೊಳ್ಳುತ್ತದೆ, ಅಷ್ಟೇ. ಗೊಬ್ಬರ ಮಾಡುವವರಿಗೆ ಇದರಿಂದ ಒಂದು ಪಾಠವಿದೆ. ಬ್ಯಾಕ್ಟೀರಿಯಾಗಳಿಗೆ ಸಾರಜನಕ ಕೊಟ್ಟರೆ ಗುಡ್ಡೆ ಬಿಸಿಯೇರಿ ಸುಲಭದ ಭಾಗವೆಲ್ಲ ಮುಗಿಯುತ್ತದೆ. ಆದರೆ ಬೇಗ ಆಗಲಿ ಅಂತ ಮತ್ತೆ ಮತ್ತೆ ಯೂರಿಯಾ ಸುರಿಯುವವರು ಕೊನೆಗೆ ಬರಬೇಕಾದ ಶಿಲೀಂಧ್ರಗಳ ಕೆಲಸ ಕೆಡಿಸುತ್ತಾರೆ.

ಗಟ್ಟಿ ಮರವನ್ನು ಶಿಲೀಂಧ್ರಕ್ಕೆ ವಹಿಸುವ ಉಪಾಯ ಗೆದ್ದಲಿಗೆ ನಮಗಿಂತ ಬಹಳ ಮೊದಲೇ ಗೊತ್ತಿತ್ತು. ನಮ್ಮ ಕಡೆ ಹುತ್ತ ಕಟ್ಟುವ ಗೆದ್ದಲುಗಳು ಮರ, ತರಗು ತಂದು ಅಗಿದು ಹುತ್ತದೊಳಗೆ ಮೆತ್ತುತ್ತವೆ, ಅದರ ಮೇಲೆ ಟರ್ಮಿಟೋಮೈಸಿಸ್ ಎಂಬ ಶಿಲೀಂಧ್ರ ಬೆಳೆಸುತ್ತವೆ. ಶಿಲೀಂಧ್ರ ಮರವನ್ನು ಹದ ಮಾಡುತ್ತದೆ, ಗೆದ್ದಲು ಆ ಹದಗೊಂಡದ್ದನ್ನೂ ಶಿಲೀಂಧ್ರವನ್ನೂ ತಿನ್ನುತ್ತದೆ. ಮುಂಗಾರಿನಲ್ಲಿ ಗುಡುಗು ಮಳೆಯಾದ ಮೇಲೆ ಹುತ್ತದ ಸುತ್ತ ಏಳುವ ಅಣಬೆಗೆ ಬುಟ್ಟಿ ಹಿಡಿದು ಓಡುತ್ತೀರಲ್ಲ, ಅದು ಆ ತೋಟದ ಹೂವು.

ಇನ್ನೊಬ್ಬ ಹೆಸರುವಾಸಿ ಟ್ರೈಕೋಡರ್ಮ. ಕಾಳುಮೆಣಸಿನ ಸೊರಗು ರೋಗಕ್ಕೆ ಬೇವಿನ ಹಿಂಡಿಯಲ್ಲಿ ಬೆರೆಸಿ ಹಾಕುವ ಹಸಿರು ಬೂಷ್ಟು ಇದೇ ಕುಲದ್ದು. ಇದೇ ಕುಲದ ಒಂದು ಬಗೆ ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯಕ್ಕೆ ತಲೆನೋವಾಗಿತ್ತು. ಶಾಂತಸಾಗರದ ಸಾಲೊಮನ್ ದ್ವೀಪಗಳಲ್ಲಿ ಹೂಡಿದ ಡೇರೆಗಳ ಕ್ಯಾನ್ವಾಸು ನೋಡನೋಡುತ್ತ ಕೊಳೆತುಹೋಗುತ್ತಿತ್ತು. ತಿಂದವರು ಯಾರೆಂದು ಹುಡುಕಿದಾಗ ಸಿಕ್ಕಿದ ಶಿಲೀಂಧ್ರಕ್ಕೆ, ಅದರ ಮೇಲೆ ಕೆಲಸ ಮಾಡಿದ ಎಲ್ವಿನ್ ರೀಸ್ ಅವರ ಗೌರವಾರ್ಥ ಟ್ರೈಕೋಡರ್ಮ ರೀಸಿಯೈ ಎಂದು ಹೆಸರಾಯಿತು. ಇವತ್ತು ಕೈಗಾರಿಕೆಗಳಿಗೆ ಸೆಲ್ಯುಲೋಸ್ ಕರಗಿಸುವ ಕಿಣ್ವ ಮಾಡಿಕೊಡುವುದು ಹೆಚ್ಚಾಗಿ ಅದರ ಸಂತತಿ. ಒಂದು ಮಾತು ನೆನಪಿರಲಿ: ಟ್ರೈಕೋಡರ್ಮ ಸೆಲ್ಯುಲೋಸಿಗೆ ಗಟ್ಟಿಗ, ಲಿಗ್ನಿನ್ನಿನ ಮುಂದೆ ಅದರ ಆಟ ಹೆಚ್ಚು ನಡೆಯುವುದಿಲ್ಲ. ಭತ್ತದ ಹುಲ್ಲು, ರವದಿಗೆ ಅದು ಸರಿ. ಬರೀ ಹೊಟ್ಟಿನ ಮೇಲೆ ಎರಚಿ ಫಲ ಬರಲಿಲ್ಲವೆಂದು ಅದನ್ನು ಬೈದರೆ ನ್ಯಾಯವಲ್ಲ.

ಸಾರಜನಕ ಸೇರಿಸಿ ಗಟ್ಟಿ ಕಸವನ್ನು ಗೊಬ್ಬರ ಮಾಡುವ ವಿದ್ಯೆಗೆ ನೂರು ವರ್ಷದ ಚರಿತ್ರೆಯಿದೆ. ಅದರಲ್ಲಿ ನಮ್ಮ ಬೆಂಗಳೂರಿಗೂ ಪಾಲಿದೆ. 1921ರಲ್ಲಿ ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೇಂದ್ರದ ಹಚಿನ್ಸನ್ ಮತ್ತು ರಿಚರ್ಡ್ಸ್, ದನಗಳ ಹಂಗಿಲ್ಲದೆ ಬರೀ ಒಣಹುಲ್ಲಿಗೆ ಸಾರಜನಕದ ಲವಣ ಬೆರೆಸಿ ಕೊಟ್ಟಿಗೆ ಗೊಬ್ಬರದಂಥದ್ದನ್ನೇ ಮಾಡಿ ತೋರಿಸಿದರು. ಅದೇ ಕಾಲಕ್ಕೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಗಿಲ್ಬರ್ಟ್ ಫೌಲರ್ ಕಾಂಪೋಸ್ಟ್ ಪ್ರಯೋಗಗಳಲ್ಲಿ ತೊಡಗಿದ್ದರು. ಮುಂದೆ ಅಲ್ಲೇ ಸಿ.ಎನ್. ಆಚಾರ್ಯರು ಊರ ಕಸವನ್ನೂ ಮಲವನ್ನೂ ಪದರ ಪದರವಾಗಿ ಗುಂಡಿಯಲ್ಲಿ ಮುಚ್ಚುವ ವಿಧಾನ ರೂಪಿಸಿದರು. ಬೆಂಗಳೂರು ಪದ್ಧತಿ ಎಂದೇ ಅದು ಪಠ್ಯಗಳಲ್ಲಿ ಉಳಿದಿದೆ.

ಇವರೆಲ್ಲರಿಗಿಂತ ಹೆಚ್ಚು ಹೆಸರು ಮಾಡಿದವರು ಆಲ್ಬರ್ಟ್ ಹೋವರ್ಡ್. ಇಂದೋರಿನಲ್ಲಿ ಕೆಲಸ ಮಾಡುತ್ತಿದ್ದ ಅವರು ಯಶವಂತ ವಾಡ್ ಜೊತೆ ಸೇರಿ 1931ರಲ್ಲಿ ಕೃಷಿ ಕಸದ ಬಗ್ಗೆ ಪುಸ್ತಕ ಬರೆದರು. ಅವರ ಜಾಣತನ ನನಗೆ ಕಾಣುವುದು ಒಂದು ಸಣ್ಣ ವಿಷಯದಲ್ಲಿ. ಹತ್ತಿ ಕಡ್ಡಿ, ತೊಗರಿ ಕಡ್ಡಿ ಕಟ್ಟಿಗೆಯಷ್ಟೇ ಗಟ್ಟಿ, ಹಾಗೇ ಗುಂಡಿಗೆ ಹಾಕಿದರೆ ಕೊಳೆಯುವುದಿಲ್ಲ. ಯಂತ್ರ ತರಿಸುವ ಬದಲು ಅವರು ಅವನ್ನು ಫಾರಂನ ರಸ್ತೆಯ ಮೇಲೆ ಹರಡಿಸಿದರು. ಎತ್ತಿನ ಗಾಡಿಗಳ ಚಕ್ರ ಅವನ್ನು ಅರೆದು ಹಾಕಿತು. ಆಮೇಲೆ ಅವು ದನದ ಕಾಲಡಿಗೆ ಹಾಸಾಗಿ ಹೋಗಿ, ಗಂಜಲ ಕುಡಿದು, ಗುಂಡಿ ಸೇರಿದವು. ಗಂಜಲದಲ್ಲಿ ನೆನೆದ ಮಣ್ಣನ್ನೂ ಅವರು ಬಿಡಲಿಲ್ಲ.

ಇದನ್ನು ಓದಿದಾಗ ಮಲೆನಾಡಿನವರಿಗೆ ಅಂಥ ಆಶ್ಚರ್ಯವೇನೂ ಆಗುವುದಿಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಒಂದು ಎಕರೆ ಅಡಿಕೆ ತೋಟಕ್ಕೆ 9 ಎಕರೆ ಸೊಪ್ಪಿನಬೆಟ್ಟ, ಅಂದರೆ ಸೊಪ್ಪು ತರುವ ಕಾಡು, ಎಂಬ ಲೆಕ್ಕ ಬ್ರಿಟಿಷರ ಕಾಲದಿಂದ ನಡೆದುಬಂದದ್ದು. ಮಳೆಗಾಲದಲ್ಲಿ ಹಸಿ ಸೊಪ್ಪು, ಬೇಸಿಗೆಯಲ್ಲಿ ಒಣ ತರಗು, ಎರಡೂ ಮೊದಲು ಕೊಟ್ಟಿಗೆಗೆ. ದನದ ಕೆಳಗೆ ಹಾಸಿ, ತುಳಿಸಿ, ನೆನೆಸಿ, ಆಮೇಲೆ ತಿಪ್ಪೆಗೆ. ದನ ಹೊರಹಾಕುವ ಸಾರಜನಕದಲ್ಲಿ ಅರ್ಧದಷ್ಟು ಗಂಜಲದಲ್ಲಿರುತ್ತದೆ. ಸಿಮೆಂಟು ನೆಲ ಮಾಡಿ, ಪೈಪು ಹಾಕಿ ತೊಳೆದು ಚರಂಡಿಗೆ ಬಿಡುವ ಕೊಟ್ಟಿಗೆಗಳಲ್ಲಿ ಅಷ್ಟೂ ಹೋಯಿತು. ನಮ್ಮ ಹೊಸ ಕೊಟ್ಟಿಗೆಗಳು ನೋಡಲು ಚೊಕ್ಕಟ, ಗೊಬ್ಬರದ ಲೆಕ್ಕದಲ್ಲಿ ಬಡವು.

ಸಾಮಿಲ್ಲಿನ ಹೊಟ್ಟಿಗೆ ನಾನು ಹೇಳುವ ದಾರಿಯೂ ಇದೇ. ಅಂಕಿಗಳನ್ನೇ ನೋಡಿ. ನೂರು ಕಿಲೋ ಒಣ ಹೊಟ್ಟನ್ನು ಒಂದಕ್ಕೆ ಮೂವತ್ತರ ಪ್ರಮಾಣಕ್ಕೆ ತರಬೇಕಾದರೆ ಸುಮಾರು ಒಂದೂವರೆ ಕಿಲೋ ಸಾರಜನಕ ಸೇರಬೇಕು. ಸಗಣಿಯಿಂದಲೇ ಅಷ್ಟು ಕೊಡುತ್ತೇನೆಂದರೆ ಟನ್ನಿಗೂ ಮೀರಿ ಹಸಿ ಸಗಣಿ ಬೇಕಾಗುತ್ತದೆ, ಯಾಕೆಂದರೆ ಸಗಣಿಯೂ ತನ್ನ ಪಾಲಿನ ಇಂಗಾಲ ಹೊತ್ತೇ ಬರುತ್ತದೆ. ಒಂದು ಬುಟ್ಟಿ ಸಗಣಿ ಕದಡಿ ಬಗ್ಗಡ ಚಿಮುಕಿಸುವುದು ಸೂಕ್ಷ್ಮಜೀವಿಗಳಿಗೆ ಆಮಂತ್ರಣ ಕೊಟ್ಟ ಹಾಗಾಯಿತೇ ಹೊರತು ಊಟ ಬಡಿಸಿದ ಹಾಗಲ್ಲ. ಗಂಜಲದಲ್ಲಾದರೆ ಸಾರಜನಕ ನೂರಕ್ಕೆ ಒಂದರ ಹತ್ತಿರ. ಸುಮಾರು 200 ಲೀಟರ್ ಸಾಕು. ಒಣ ಹೊಟ್ಟು ತನ್ನ ತೂಕದ ಎರಡೂವರೆ ಪಟ್ಟು ದ್ರವ ಹೀರಬಲ್ಲದು. ನೂರು ಕಿಲೋ ಹೊಟ್ಟು ಆ 200 ಲೀಟರನ್ನು ತೊಟ್ಟೂ ಬಿಡದೆ ಕುಡಿಯುತ್ತದೆ. ಎರಡು ದನ ಇರುವ ಮನೆಯಲ್ಲಿ ಹತ್ತು ಹದಿನೈದು ದಿನದ ಕೆಲಸ. ಒಂದಿಷ್ಟು ಅಮೋನಿಯಾ ಆಗಿ ಹಾರಿಹೋಗುತ್ತದೆ, ಹೋಗಲಿ. ಮರದ ಇಂಗಾಲದಲ್ಲಿ ಲಿಗ್ನಿನ್ನಿನ ಪಾಲು ಮೊದಲ ತಿಂಗಳುಗಳಲ್ಲಿ ಹೇಗೂ ಸೂಕ್ಷ್ಮಜೀವಿಗಳ ಕೈಗೆ ಸಿಗುವುದಿಲ್ಲ, ಲೆಕ್ಕದ ಅರ್ಧ ಮುಕ್ಕಾಲು ಸಾರಜನಕ ಒದಗಿದರೂ ಗುಡ್ಡೆ ಬಿಸಿಯೇರುತ್ತದೆ. ಎಚ್ಚರ ಒಂದೇ: ಹಾಲು ಕರೆಯುವ ಹಸುವಿನ ಕೆಚ್ಚಲಿನ ಕೆಳಗೆ ಒದ್ದೆ ಹೊಟ್ಟು ಬಿಡಬೇಡಿ, ಕೆಚ್ಚಲು ಬಾವು ತರುವ ಬ್ಯಾಕ್ಟೀರಿಯಾಕ್ಕೆ ಅದು ಇಷ್ಟದ ಜಾಗ. ಹಿಂಗಾಲಿನ ಹಿಂದೆ, ಗಂಜಲ ಹರಿಯುವ ಕಾಲುವೆಯಲ್ಲಿ ಹಾಕಿ ದಿನಾ ಎತ್ತಿದರೆ ತೊಂದರೆಯಿಲ್ಲ.

ದನ ಇಲ್ಲದವರು ಕೇಳುತ್ತೀರಿ, ನಮ್ಮ ಗತಿಯೇನು ಅಂತ. ಕೋಳಿ ಗೊಬ್ಬರ ಸಿಕ್ಕರೆ ಹೆಚ್ಚುಕಡಿಮೆ ಹೊಟ್ಟಿನ ತೂಕದಷ್ಟೇ ಬೆರೆಸಿ. ಬೇಲಿಯಲ್ಲಿ ಗ್ಲಿರಿಸಿಡಿಯಾ ಇದ್ದರೆ ಹೊಟ್ಟಿನ ಮೂರು ನಾಲ್ಕು ಪಟ್ಟು ತೂಕದ ಹಸಿ ಸೊಪ್ಪು. ಯಾವುದೂ ಇಲ್ಲದಿದ್ದರೆ ನೂರು ಕಿಲೋಗೆ ಎರಡು ಮೂರು ಕಿಲೋ ಯೂರಿಯಾ, ಅದೂ ಒಂದೇ ಸಲ ಅಲ್ಲ, ನೀರಲ್ಲಿ ಕರಗಿಸಿ ಎರಡು ಕಂತಿನಲ್ಲಿ. ಗಂಜಲವೋ ಯೂರಿಯಾವೋ ಹಾಕಿದ ಗುಡ್ಡೆಗೆ ಸುಣ್ಣ, ಬೂದಿ ಎರಚುವ ಅಭ್ಯಾಸ ಕೆಲವು ಕಡೆ ಇದೆ. ದಯವಿಟ್ಟು ಬೇಡ. ಮೂಗಿಗೆ ಚುಚ್ಚುವ ವಾಸನೆ ಎದ್ದಿತೆಂದರೆ ನಿಮ್ಮ ಸಾರಜನಕ ಗಾಳಿಗೆ ಹೋಯಿತೆಂದೇ ಅರ್ಥ.

ಬರೀ ಹೊಟ್ಟು ಒತ್ತಾಗಿ ಕೂರುತ್ತದೆ, ಉಸಿರಾಡುವುದಿಲ್ಲ. ನಮ್ಮ ಕಡೆ ರಸ್ತೆ ಬದಿಗೆ ಸುರಿದು ಬೆಂಕಿ ಹಚ್ಚುವ ಅಡಿಕೆ ಸಿಪ್ಪೆ ಇದೆಯಲ್ಲ, ಅದನ್ನು ಮೂರರಲ್ಲಿ ಒಂದು ಪಾಲು ಬೆರೆಸಿ. ಗಾಳಿಗೆ ದಾರಿಯಾಗುತ್ತದೆ, ಅದೂ ಕೊಳೆಯುತ್ತದೆ. ಸಣ್ಣ ರೆಂಬೆಗಳೂ ಒಳ್ಳೆಯವು. ಕೆನಡಾದ ಕ್ವಿಬೆಕ್‌ನಲ್ಲಿ ಜಿಲ್ ಲೆಮ್ಯೂ ಮತ್ತು ಸಂಗಡಿಗರು ಏಳು ಸೆಂಟಿಮೀಟರಿಗಿಂತ ಸಣ್ಣ ರೆಂಬೆಗಳ ಚೂರನ್ನೇ ಮಣ್ಣಿಗೆ ಬಳಸುವ ಪದ್ಧತಿ ಬೆಳೆಸಿದರು. ಕಾಂಡಕ್ಕಿಂತ ಎಳೆ ರೆಂಬೆಯಲ್ಲಿ ಸಾರಜನಕ ಹೆಚ್ಚು ಎಂಬುದೇ ಅದರ ಹಿಂದಿನ ಸೂತ್ರ. ಗುಡ್ಡೆ ಉದ್ದ, ಅಗಲ, ಎತ್ತರ ಮೂರೂ ಕಡೆ ಒಂದು ಮೀಟರಿಗೆ ಕಡಿಮೆ ಇರಬಾರದು, ಇದ್ದರೆ ಬಿಸಿ ನಿಲ್ಲುವುದಿಲ್ಲ. ಮುಷ್ಟಿಯಲ್ಲಿ ಹಿಡಿದು ಹಿಂಡಿದರೆ ಬೆರಳ ಸಂದಿಯಲ್ಲಿ ಒಂದೆರಡು ಹನಿ ಮೂಡುವಷ್ಟು ತೇವ. ಸರಿಯಾಗಿ ಕೂತರೆ ಒಂದು ವಾರದೊಳಗೆ ಒಳಗಿನ ಶಾಖ 55–65 ಡಿಗ್ರಿಗೆ ಏರುತ್ತದೆ, ಕಳೆಬೀಜ, ರೋಗಾಣು ಅಲ್ಲೇ ಸಾಯುತ್ತವೆ. ಫ್ರಾನ್ಸಿನ ಪ್ರೊವೆನ್ಸ್ ಪ್ರಾಂತ್ಯದ ಜಾನ್ ಪ್ಯಾನ್ ಎಂಬವರು ಪೊದೆ ರೆಂಬೆಗಳ ದೊಡ್ಡ ಗುಡ್ಡೆಯೊಳಗೆ ಪೈಪು ಸುತ್ತಿ ಈ ಶಾಖದಿಂದಲೇ ಮನೆಗೆ ಬಿಸಿನೀರು ಮಾಡಿಕೊಂಡಿದ್ದರು. ನಮಗೆ ಅಷ್ಟು ಚಳಿಯಿಲ್ಲ.

ಶಾಖ ಇಳಿದಾಗಲೆಲ್ಲ ಮಗುಚಿ, ಒಣಗಿದ್ದರೆ ನೀರು ಕೊಡಿ. ಮಗುಚಿದರೂ ಬಿಸಿಯೇರದ ಹಂತ ಬಂದಾಗ ಸುಮ್ಮನೆ ಬಿಡಿ. ಅಣಬೆಗಳು, ಎಳೆಎಳೆಯಾಗಿ ಬೆಳೆಯುವ ಆಕ್ಟಿನೋಮೈಸಿಟ್‌ಗಳು ಬರುವುದು ಆ ಹೊತ್ತಿಗೆ. ಹೊಸಮಳೆಗೆ ನೆಲದಿಂದ ಏಳುವ ಕಂಪು ಗುಡ್ಡೆಯಿಂದಲೂ ಬರುತ್ತದೆ. ಎರಡನ್ನೂ ಮಾಡುವವು ಈ ಆಕ್ಟಿನೋಮೈಸಿಟ್‌ಗಳೇ. ಬಯಲುಸೀಮೆಯವರು ಗುಂಡಿ ತೆಗೆಯಿರಿ, ತೇವ ಉಳಿಯುತ್ತದೆ. ಮಲೆನಾಡಿನಲ್ಲಿ ಗುಂಡಿ ಮಾಡಿದರೆ ಆಷಾಢದಲ್ಲಿ ಅದು ಕೆರೆ. ಅಲ್ಲಿ ನೆಲದ ಮೇಲೆ ಗುಡ್ಡೆ, ಮೇಲೆ ಸೋಗೆ ಮಾಡು.

ಬಿಸಿಯ ಗುಡ್ಡೆ ಬೇಡ, ಶಿಲೀಂಧ್ರಕ್ಕೇ ವಹಿಸುತ್ತೇನೆ ಅನ್ನುವವರಿಗೂ ದಾರಿಯಿದೆ. ತಿಪಟೂರು, ಅರಸೀಕೆರೆ ಕಡೆ ತೆಂಗಿನ ನಾರು ತೆಗೆದಾಗ ಉಳಿಯುವ ಪುಡಿಯ ಬೆಟ್ಟಗಳನ್ನು ನೋಡಿದ್ದೀರಿ. ಅದಕ್ಕೆ ತೆಂಗು ನಾರು ಮಂಡಳಿಯವರು ಪಿತ್‌ಪ್ಲಸ್ ಎಂಬ ಹೆಸರಿನಲ್ಲಿ ಕೊಡುವುದು ಚಿಪ್ಪಣಬೆಯ ಬೀಜವನ್ನೇ. ಒಂದು ಟನ್ ಪುಡಿಗೆ ಐದು ಕಿಲೋ ಯೂರಿಯಾ ಸಾಕು, ಪದರ ಬಿಟ್ಟು ಪದರ ಅಣಬೆ ಬೀಜ, ನೆರಳು, ತೇವ. ಒಂದಕ್ಕೆ 112ರಷ್ಟಿದ್ದ ಇಂಗಾಲದ ಪ್ರಮಾಣ ತಿಂಗಳೊಪ್ಪತ್ತಿನಲ್ಲಿ 24ರ ಹತ್ತಿರ ಇಳಿಯುತ್ತದೆಂದು ಶಿಫಾರಸಿನಲ್ಲಿದೆ. ಮರದ ಹೊಟ್ಟಿಗೂ ಈ ಕ್ರಮ ಹೊಂದುತ್ತದೆ, ತಾಳ್ಮೆ ಮಾತ್ರ ಇನ್ನಷ್ಟು ಬೇಕು. ಚಿಪ್ಪಣಬೆ ಬೆಳೆಯುವವರ ಕೊಯ್ಲು ಮುಗಿದ ಚೀಲಗಳನ್ನು ಕೇಳಿ ತಂದು ಪುಡಿ ಮಾಡಿ ಬೆರೆಸಿದರೂ ನಡೆಯುತ್ತದೆ. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯವರು ಗಟ್ಟಿ ತೆಂಗಿನ ಗರಿಗೂ ಎರೆಹುಳು ಒಗ್ಗಿಸಿದ್ದಾರೆ. ಮೊದಲು ಸಗಣಿಯೊಂದಿಗೆ ಅರೆಕೊಳೆಸಿ, ಆಮೇಲೆ ಹುಳುವಿಗೆ ಬಿಡುವುದು ಅಲ್ಲಿನ ಕ್ರಮ.

ಗಾಜಿಯಾಬಾದಿನ ಸಾವಯವ ಕೃಷಿ ಕೇಂದ್ರ 20 ರೂಪಾಯಿಗೆ ಕೊಡುತ್ತಿದ್ದ ವೇಸ್ಟ್ ಡಿಕಂಪೋಸರ್ ಬಾಟಲಿ ಹಲವರ ಮನೆಯಲ್ಲಿದೆ. 200 ಲೀಟರ್ ನೀರಿಗೆ ಎರಡು ಕಿಲೋ ಬೆಲ್ಲ ಹಾಕಿ ಬೆಳೆಸಿಕೊಳ್ಳುವ ದ್ರಾವಣ. ಬೇಡವೆನ್ನುವುದಿಲ್ಲ. ಆದರೆ ಬೆಲ್ಲದ ನೀರಿನಲ್ಲಿರುವ ಸಾರಜನಕ ಎಷ್ಟೆಂದು ಒಮ್ಮೆ ಯೋಚಿಸಿ. ಊಟ ಸಿದ್ಧವಿರುವ ಗುಡ್ಡೆಗೆ ಅದನ್ನು ಹಾಕಿದರೆ ಆರಂಭ ಚುರುಕಾದೀತು. ಊಟವೇ ಇಲ್ಲದ ಕಡೆ ಬಾಯಿಗಳ ಸಂಖ್ಯೆ ಹೆಚ್ಚಿಸಿ ಪ್ರಯೋಜನವಿಲ್ಲ.

ಯಾವ ಹೊಟ್ಟು ಎಂಬುದನ್ನು ಮಿಲ್ಲಿನವರನ್ನು ಕೇಳಿಯೇ ತನ್ನಿ. ಮಾವು, ಸಿಲ್ವರ್ ಓಕ್, ರಬ್ಬರ್ ಬೇಗ ಕೊಳೆಯುತ್ತವೆ. ತೇಗದ ಚೇಗಿನಲ್ಲಿ ಗೆದ್ದಲನ್ನೂ ಶಿಲೀಂಧ್ರವನ್ನೂ ದೂರವಿಡುವ ರಾಸಾಯನಿಕಗಳಿವೆ; ನೀಲಗಿರಿ, ಅಕೇಶಿಯಾದಲ್ಲೂ ಒಗರು ಹೆಚ್ಚು. ಅಂಥ ಹೊಟ್ಟನ್ನು ಒಂದು ಮಳೆಗಾಲ ಬಯಲಲ್ಲಿ ನೆನೆಯಲು ಬಿಟ್ಟು ಆಮೇಲೆ ಕೈಗೆತ್ತಿಕೊಳ್ಳಿ. ಪ್ಲೈವುಡ್, ಬಣ್ಣ ಬಳಿದ ಮರ, ಔಷಧಿ ಕುಡಿಸಿದ ಕಂಬಗಳ ಪುಡಿಯನ್ನಂತೂ ಮುಟ್ಟಲೇಬೇಡಿ. ಮರಕ್ಕೆ ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಕುಡಿಸಿ ಕೊಳೆಯದಂತೆ ಮಾಡುವ ವಿಧಾನ ಜಗತ್ತಿಗೆ ಕೊಟ್ಟವರು ನಮ್ಮವರೇ, ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿದ್ದ ಸೊಂಠಿ ಕಾಮೇಶಂ, 1933ರಲ್ಲಿ. ಕಂಬಗಳಿಗೂ ರೈಲು ಹಳಿಯ ದಿಮ್ಮಿಗಳಿಗೂ ಅದು ದೊಡ್ಡ ಉಪಕಾರ. ಆದರೆ ಆರ್ಸೆನಿಕ್ಕನ್ನು ಯಾವ ಸೂಕ್ಷ್ಮಜೀವಿಯೂ ತಿಂದು ಇಲ್ಲವಾಗಿಸಲಾರದು, ಅದು ಗೊಬ್ಬರದಲ್ಲೂ ಹಾಗೇ ಇರುತ್ತದೆ.

ತಯಾರಾದ ಗೊಬ್ಬರದಿಂದ ಏನು ನಿರೀಕ್ಷಿಸಬೇಕೆಂಬುದನ್ನೂ ಹೇಳಿಬಿಡುತ್ತೇನೆ. ಇದರಲ್ಲಿ ಸಾರಜನಕ ನೂರಕ್ಕೆ ಒಂದರ ಆಸುಪಾಸು. ಚೀಲದ ಗೊಬ್ಬರದ ಹಾಗೆ ವಾರದಲ್ಲಿ ಎಲೆ ಕಪ್ಪಗಾಗುವುದನ್ನು ಕಾಯಬೇಡಿ. ಲಿಗ್ನಿನ್ನಿನಿಂದ ಹುಟ್ಟಿದ ಹ್ಯೂಮಸ್ ಬೇಗ ಕರಗುವುದಿಲ್ಲ, ಮಳೆ ತೊಳೆದ ಕೆಂಪು ಮಣ್ಣಿಗೆ ನೀರು ಹಿಡಿಯುವ, ಕೊಟ್ಟ ಗೊಬ್ಬರ ಹಿಡಿಯುವ ಶಕ್ತಿ ಬರುವುದು ಅದರಿಂದ. ಅಡಿಕೆ ಬುಡಕ್ಕೆ, ಶುಂಠಿ ಏರಿಗೆ, ಮೆಣಸಿನ ನರ್ಸರಿ ಚೀಲಕ್ಕೆ ಒಳ್ಳೆಯದು. ಹಸಿ ಹೊಟ್ಟನ್ನು ಮಾತ್ರ ಮಣ್ಣಿನೊಳಗೆ ಬೆರೆಸಬೇಡಿ. ಅಲ್ಲಿ ಸೂಕ್ಷ್ಮಜೀವಿಗಳು ತಮಗೆ ಬೇಕಾದ ಸಾರಜನಕವನ್ನು ಬೇರಿನ ಬಾಯಿಂದ ಕಿತ್ತುಕೊಳ್ಳುತ್ತವೆ, ಗಿಡ ಹಳದಿಯಾಗುತ್ತದೆ. ಮೇಲ್ಮೈ ಹೊದಿಕೆಯಾಗಿ ಹಾಕಿದರೆ ಅಷ್ಟು ತೊಂದರೆಯಿಲ್ಲ.

ಕೊಳೆತು ಮುಗಿದಿದೆಯೇ ಎಂಬ ಅನುಮಾನಕ್ಕೆ ಪ್ರಯೋಗಾಲಯ ಬೇಕಿಲ್ಲ. ಒಂದು ಡಬ್ಬಿಗೆ ಬರೀ ಆ ಗೊಬ್ಬರ, ಇನ್ನೊಂದಕ್ಕೆ ನಿಮ್ಮ ತೋಟದ ಮಣ್ಣು ತುಂಬಿ, ಎರಡಕ್ಕೂ ಎಣಿಸಿ ಹೆಸರುಕಾಳು ಹಾಕಿ. ಎರಡರಲ್ಲೂ ಒಂದೇ ಸಮ ಮೊಳೆತು ಎಲೆ ಹಸಿರಾಗಿದ್ದರೆ ತೋಟಕ್ಕೆ ಹೊರಿ. ಗೊಬ್ಬರದ ಡಬ್ಬಿಯಲ್ಲಿ ಸಸಿ ಹಳದಿ ತಿರುಗಿದರೆ ಗುಡ್ಡೆಗೆ ಇನ್ನೆರಡು ಬಿಂದಿಗೆ ಗಂಜಲ ಸುರಿದು, ಮಗುಚಿ, ಮತ್ತೊಂದು ತಿಂಗಳು ಮುಚ್ಚಿಡಿ. ಮಲೆನಾಡಿನವರು ದೀಪಾವಳಿ ಕಳೆದು ಗುಡ್ಡೆ ಹಾಕಿದರೆ ಮುಂಗಾರಿಗೆ ಮೊದಲು ಈ ಪರೀಕ್ಷೆ ಎರಡು ಸಲ ಮಾಡುವಷ್ಟು ಸಮಯ ಇರುತ್ತದೆ.